ಎಂಟು ನಿಮಿಷದ ಕೆಲಸಕ್ಕೆ ಎಂಬತ್ತು ನಿಮಿಷ

ತಪ್ಪು ಒಪ್ಪಿಕೊಂಡವನ ಮೇಲೆ ದೂರು ಹೇಳಲು ಬಂದವರನ್ನು ನಾನು ನೋಡಿದ್ದು ಅದೇ ಮೊದಲು. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಎದುರು ಸಾಲಿನ ಮೂರನೇ ಮನೆಯ ಸೊಸೆ ನಮ್ಮ ಬಾಗಿಲಲ್ಲಿ ನಿಂತಿದ್ದಳು. ತಲೆ ಬಾಚಿದ್ದಳು, ಅದೂ ಒಂದೇ ಪಕ್ಕಕ್ಕೆ. ಕೂರಮ್ಮ ಎಂದರೆ ಕೂತಳು, ನೀರು ಕೊಟ್ಟರೆ ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ. ನಾನು ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು. ಯಾರಾದರೂ ಏನನ್ನಾದರೂ ಅರ್ಧಕ್ಕೆ ಬಿಟ್ಟರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಆ ಲೋಟವನ್ನು ನೋಡುತ್ತಾ ಸುಮ್ಮನೆ ಕೂತೆ.

ಅವಳು ಬಂದದ್ದು ನನ್ನನ್ನು ಕಾಣಲಲ್ಲ, ನನ್ನ ಅಕ್ಕನನ್ನು. ಅಕ್ಕ ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರು ವಿಭಾಗದ ಮೇಜಿನ ಹಿಂದೆ ಕೂತಿದ್ದವಳು. ಯಾರದೋ ಫೋನು ಸತ್ತಿದೆ ಎಂದರೆ, ಕೆಟ್ಟಿರುವುದು ಮನೆಯೊಳಗೋ, ಕಂಬದಲ್ಲೋ, ನೆಲದಡಿಯ ಕೇಬಲ್ಲಿನಲ್ಲೋ ಎಂದು ಕುರ್ಚಿಯಿಂದ ಏಳದೆ ಹೇಳಿಬಿಡುತ್ತಿದ್ದಳು. ನಿವೃತ್ತಳಾದ ಮೇಲೆ ಬೀದಿಯ ದೂರುಗಳೆಲ್ಲ, ಕಳೆದ ಬೀಗದ ಕೈಯಿಂದ ಹಿಡಿದು ಯಾರ ಕಾರಿಗೆ ಯಾರು ಗೀರು ಹಾಕಿದರು ಎನ್ನುವವರೆಗೆ, ನಮ್ಮ ಮನೆಗೇ ಬರುತ್ತಿದ್ದವು. ಬೀದಿಗೆಲ್ಲ ಅವಳು ಎಕ್ಸ್‌ಚೇಂಜಮ್ಮ. ನಾನು ಅವಳ ಚೀಲ ಹೊರುವವನು, ಹೇಳಿದ್ದನ್ನು ಬರೆದುಕೊಳ್ಳುವವನು. ಅದಕ್ಕೆ ನನಗೆ ಸಿಗುವ ಬಹುಮಾನವೆಂದರೆ ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಎನ್ನುವ ಮಾತು.

ಸೊಸೆ ಹೇಳಿದ್ದು ಇಷ್ಟು. ಅವಳ ಅತ್ತೆ ತೀರಿಕೊಂಡು ಐದು ವಾರವಾಗಿತ್ತು. ಎರಡು ವರ್ಷ ಕೆಳಗಿನ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದವರು. ಇವಳದು ಮನೆಯಲ್ಲೇ ಕೂತು ಮಕ್ಕಳ ಪಾಠದ ವಿಡಿಯೊಗಳನ್ನು ಕತ್ತರಿಸಿ ಜೋಡಿಸುವ ಕೆಲಸ. ವಿಡಿಯೊಗಳನ್ನೆಲ್ಲ ತುಂಬಿಡುವ ಡಿಸ್ಕಿನ ಪೆಟ್ಟಿಗೆ, ಮನೆಯ ರೂಟರು ಎರಡೂ ಅತ್ತೆಯ ಕೋಣೆಯ ಕಪಾಟಿನಲ್ಲಿದ್ದವು, ಇವಳ ಕಂಪ್ಯೂಟರು ಮಹಡಿಯಲ್ಲಿ. ನಡುವೆ ಗೋಡೆಯೊಳಗೆ ಒಂದು ನೆಟ್‌ವರ್ಕ್ ಕೇಬಲ್ಲು, ಗಿಗಾಬಿಟ್ ವೇಗದ್ದು. ಒಂದು ಪಾಠ ಕೆಳಗಿನಿಂದ ಮೇಲೆ ಬರಲು ಎಂಟು ನಿಮಿಷ ಹಿಡಿಯುತ್ತಿತ್ತು. ಇಪ್ಪತ್ತು ದಿನದಿಂದ ಎಂಬತ್ತು ನಿಮಿಷ ಹಿಡಿಯುತ್ತಿತ್ತು. ಕಂಪನಿಯವರು ಎರಡು ಸಲ ಎಚ್ಚರಿಸಿದ್ದರು.

ಮಾಡಿದವನು ಮೈದುನ. ಅದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವನು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವವನು, ಮೂವತ್ತರ ಹತ್ತಿರದವನು, ಕೆಳಗಿನ ಹಾಲಿನಲ್ಲಿ ಮಲಗುವವನು. ಅತ್ತೆಯ ಕೋಣೆಗೆ ಬಣ್ಣ ಬಳಿಸಿ ತನ್ನ ಕೆಲಸದ ಕೋಣೆ ಮಾಡಿಕೊಳ್ಳುತ್ತೇನೆ ಎಂದು ಇವಳು ಹೇಳಿದಾಗ ಅವನು ಕಡ್ಡಿ ಮುರಿದಂತೆ ಬೇಡ ಎಂದಿದ್ದ. ಜಗಳವಾಗಿತ್ತು, ಕಂಪ್ಯೂಟರು ಮೇಲೇ ಉಳಿದಿತ್ತು. ಬಣ್ಣದವರು ಬಂದರು, ಗೋಡೆಯ ಮೇಲಿದ್ದ ಹಳೆಯ ವೈರು, ಮೊಳೆ ಎಲ್ಲ ಕಿತ್ತು ಬಳಿದು ಹೋದರು. ಮರುದಿನದಿಂದಲೇ ವೇಗ ಬಿದ್ದಿತ್ತು. ಕೇಳಿದರೆ ಹೌದು ನಾನೇ ಮಾಡಿದ್ದು, ರೂಟರಿನಲ್ಲಿ ಏನೋ ಬದಲಾಯಿಸಿದೆ ಎಂದು ಒಪ್ಪಿಕೊಂಡ. ಇವಳ ಗಂಡ ರೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಹೂಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಾಗಲಿಲ್ಲ.

"ಮಾಡಿದ್ದನ್ನ ಬಿಚ್ಚೋ ಅಂದ್ರೆ ನೆಲ ನೋಡ್ತಾನೆ," ಎಂದಳು ಸೊಸೆ. "ಬೇಕಾದ್ರೆ ಹೊಸ ಕೇಬಲ್ ಎಳೀತೀನಿ ಅಂತಾನೆ. ಸುರುಳಿನೂ ತಂದಿದ್ದ. ಹೊಸ ಬಣ್ಣದ ಗೋಡೆಗೆ ತೂತು ಕೊರೆಯೋದು ಬೇಡ ಅಂದ್ರು ನಮ್ಮನೆಯವ್ರು. ಕೆಡಿಸಿದ್ದು ನೀನು, ನೀನೇ ಬಿಚ್ಚಿಕೊಡು, ಇಲ್ಲ ಭಾನುವಾರ ಮನೆ ಬಿಟ್ಟು ಹೋಗು ಅಂದ್ರು. ಹೂಂ ಅಂದ. ಬ್ಯಾಗ್ ಕಟ್ಟಿಟ್ಟಿದಾನೆ. ಅವನು ಏನು ಮಾಡಿದಾನೆ ಅಂತ ನೀವು ಹುಡುಕಿ ಕೊಡಿ ಅಮ್ಮ. ಅಷ್ಟೇ ಸಾಕು."

ಇಷ್ಟನ್ನೂ ಅವಳು ಸಿಟ್ಟಿಲ್ಲದೆ ಹೇಳಿದಳು. ಬೇರೆ ಯಾರದೋ ಮನೆಯ ವಿಷಯ ಓದಿ ಹೇಳುವವಳ ಹಾಗಿತ್ತು. ಅಕ್ಕ ಎರಡೇ ಪ್ರಶ್ನೆ ಕೇಳಿದಳು. ಒಮ್ಮೊಮ್ಮೆಯಾದರೂ ವೇಗ ಏರಿ ಇಳಿದು ಮಾಡುತ್ತದೆಯೇ? ಇಲ್ಲ, ಗೆರೆ ಎಳೆದ ಹಾಗೆ ಒಂದೇ ಸಮ. ಮಾವ ಏನೆನ್ನುತ್ತಾರೆ? ಮಾವ ಏನೂ ಎನ್ನುವುದಿಲ್ಲ, ಅತ್ತೆ ಹೋದ ದಿನದಿಂದ ಮಾತೇ ಬಿಟ್ಟಿದ್ದಾರೆ, ಹೂಂ ಉಹೂಂ ಅಷ್ಟೇ. ಮಾವ ಅಕ್ಕನ ಇಲಾಖೆಯಲ್ಲೇ ಲೈನ್‌ಮನ್ ಆಗಿದ್ದವರು. ಅಕ್ಕನಿಗೆ ಅವರ ಮುಖಕ್ಕಿಂತ ದನಿಯ ಪರಿಚಯವೇ ಹೆಚ್ಚು. ಕಂಬದ ಮೇಲಿಂದ ಮಾತಾಡುತ್ತಿದ್ದ ದನಿ ಅದು.

ಮಧ್ಯಾಹ್ನ ಆ ಮನೆಗೆ ಹೋದೆವು. ಸಾವಾದ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ನಮ್ಮದನ್ನೂ ಸೇರಿಸಿ. ಅಳು ಕೇಳುವ ಮನೆಯಲ್ಲಿ ಹೇಗೋ ಕೂರಬಹುದು. ಇಲ್ಲಿ ಅಳುವೂ ಇರಲಿಲ್ಲ. ಊಟದ ಮೇಜಿನ ಮೇಲೆ ಮುಚ್ಚಿಟ್ಟ ಪಾತ್ರೆಗಳನ್ನು ಯಾರೂ ತೆರೆದಿರಲಿಲ್ಲ. ಫ್ಯಾನು ಸುಮ್ಮನೆ ತಿರುಗುತ್ತಿತ್ತು, ಅದರ ಕೆಳಗೆ ಯಾರೂ ಇರಲಿಲ್ಲ. ಬಾಗಿಲ ಪಕ್ಕದಲ್ಲಿ ಮೈದುನನ ಬ್ಯಾಗು ಇತ್ತು, ಎಲ್ಲರೂ ಅದನ್ನು ಬಳಸಿಕೊಂಡು ಓಡಾಡುತ್ತಿದ್ದರು.

ಅತ್ತೆಯ ಕೋಣೆಯಲ್ಲಿ ಮಂಚ ಹೋಗಿತ್ತು, ಹೊಸ ಬಣ್ಣದ ವಾಸನೆ ಇತ್ತು. ಗೋಡೆ ಗಡಿಯಾರ, ಕಪಾಟಿಗೆ ಒತ್ತಿಕೊಂಡು ಒಂದು ಸ್ಟೂಲು, ಅದರ ಮೇಲೆ ಹಳೆಯ ಕಾಲದ ದಪ್ಪ ಫೋನು. ಅದರ ರಿಸೀವರು ಪಕ್ಕಕ್ಕೆ ಬಿದ್ದಿತ್ತು. ಸೊಸೆ ಅದನ್ನೆತ್ತಿ ಸರಿಯಾಗಿ ಇಟ್ಟಳು. ದಿನಾ ಹೀಗೇ, ಎಷ್ಟು ಸಲ ಇಟ್ಟರೂ ಮೈದುನ ಎತ್ತಿಡುತ್ತಾನೆ, ತನ್ನನ್ನು ರೇಗಿಸಲಿಕ್ಕೇ ಇರಬೇಕು ಎಂದಳು. ಅತ್ತೆ ಕಾಯಿಲೆಯಲ್ಲಿದ್ದಾಗ ಮೇಲಿದ್ದ ಮಾವನನ್ನು ಕರೆಯಲು ಹಾಕಿದ್ದ ಫೋನಂತೆ ಅದು. ಈಗ ಅದಕ್ಕೆ ವೈರೇ ಇಲ್ಲ, ಬಣ್ಣದವರು ಕಿತ್ತುಹಾಕಿದ್ದಾರೆ ಎಂದಳು.

ಅಕ್ಕ ಸೊಸೆಯ ಗಂಡನ ಲ್ಯಾಪ್‌ಟಾಪನ್ನು ಡಿಸ್ಕಿನ ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟು, ಗಿಡ್ಡ ಕೇಬಲ್ಲಿನಿಂದ ರೂಟರಿಗೆ ಜೋಡಿಸಿ ಒಂದು ಪಾಠ ಇಳಿಸಿದಳು. ಎಂಟೇ ನಿಮಿಷ. ಪೆಟ್ಟಿಗೆಯೂ ಚೆನ್ನಾಗಿತ್ತು, ರೂಟರೂ ಚೆನ್ನಾಗಿತ್ತು. ರೂಟರಿನಲ್ಲಿ ಪ್ರತಿ ಕೇಬಲ್ಲಿಗೂ ಒಂದು ಸಣ್ಣ ದೀಪವಿತ್ತು. ಪೂರ್ತಿ ವೇಗವಿದ್ದರೆ ಹಸಿರು, ಹತ್ತರಲ್ಲಿ ಒಂದು ಪಾಲಿಗೆ ಇಳಿದರೆ ಕಿತ್ತಳೆ. ಲ್ಯಾಪ್‌ಟಾಪಿನದು ಹಸಿರು. ಮಹಡಿಗೆ ಹೋಗುವ ಕೇಬಲ್ಲಿನದು ಮಾತ್ರ ಕಿತ್ತಳೆ.

ಕಪಾಟಿನ ಹಿಂದೆ ಆ ಕೇಬಲ್ಲು ಗೋಡೆಯೊಳಗೆ ನುಗ್ಗುವ ಜಾಗ ನೋಡು ಎಂದು ಅಕ್ಕ ನನಗೆ ಟಾರ್ಚು ಕೊಟ್ಟಳು. ನನ್ನ ಮಂಡಿ ಯಾವ ಸ್ಥಿತಿಯಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಬಗ್ಗಿದೆ. ಕೇಬಲ್ಲಿನ ಒಂದು ಗೇಣಿಗೆ ಮೇಣದ ದಾರ ಸುತ್ತಿತ್ತು, ಬೆರಳಗಲಕ್ಕೊಂದು ಗಂಟು, ಎಲ್ಲ ಒಂದೇ ಅಳತೆ. ಟೇಪು ಗೀಪು ಏನೂ ಇರಲಿಲ್ಲ. ಯಾವನೋ ದರ್ಜಿ ಹೊಲಿದ ಹಾಗಿದೆ ಎಂದೆ. ಅಕ್ಕ ನನ್ನ ಪುಸ್ತಕ ತೋರಿಸಿ ಬರೆದುಕೋ ಎಂದಳು, ಅಷ್ಟೇ. ಆಮೇಲೆ ಕಸದ ಬುಟ್ಟಿ ಕೆದಕಿದಳು. ಚೌಕನೆಯ ಬ್ಯಾಟರಿಗಳು ಐದು, ನೀಲಿ ಪ್ಲಾಸ್ಟಿಕ್ಕಿನ ಒಂದೆರಡು ಚೂರು. ಬ್ಯಾಟರಿ ತರುವುದು ಮೈದುನನೇ, ಯಾವ ಆಟಿಕೆಗೋ ಏನೋ ಎಂದು ಸೊಸೆ ಮೂಗು ಮುರಿದಳು.

ಮೈದುನನನ್ನು ಅಂಗಡಿಯಿಂದ ಕರೆಸಿದ್ದಾಯಿತು. ಸಪೂರ ಮನುಷ್ಯ, ಕಣ್ಣ ಕೆಳಗೆ ಕಪ್ಪು. ಕೇಳಿದ್ದಕ್ಕೆಲ್ಲ ಹೌದು ಎಂದ. ನೀನೇ ಮಾಡಿದೆಯಾ, ಹೌದು. ರೂಟರಿನಲ್ಲೇ ಮಾಡಿದೆಯಾ, ಹೌದು. ರೂಟರು ಈಗ ಅಳಿಸಿ ಹೊಸದಾಗಿದೆಯಲ್ಲ ಎಂದರೆ, ಗೊತ್ತಿಲ್ಲ ಎಂದ. ಬೇಗ ಮುಗಿಸಿ ಹೋಗಿ ಎನ್ನುವ ಹಾಗೆ ನಿಂತಿದ್ದ. ಹೊರಡುವಾಗ ಮಾತ್ರ ತಾನಾಗಿ ಒಂದು ಮಾತು ಹೇಳಿದ.

"ನಾನು ಹೋದ ಮೇಲೆ ಅತ್ತಿಗೆಗೆ ಬೇರೆ ಕೇಬಲ್ ಹಾಕ್ಸಿ ಕೊಡಿ ಅಮ್ಮ. ಈಗಿರೋದನ್ನ ಕೀಳ್ಬೇಡಿ. ಅದು ಹಾಗೇ ಇರ್ಲಿ."

ಅಕ್ಕ ಮಹಡಿ ಹತ್ತಿದಳು. ಸೊಸೆಯ ಕೋಣೆಗೆ ಹೋಗಲಿಲ್ಲ, ಪಕ್ಕದ ಮಾವನ ಕೋಣೆಗೆ ಹೋದಳು. ಅವರು ಮರದ ಮೇಜಿನ ಮುಂದೆ ಕೂತಿದ್ದರು. ಇಕ್ಕಳಗಳು ಅಳತೆಯ ಕ್ರಮದಲ್ಲಿ ಮಲಗಿದ್ದವು, ಪಕ್ಕದಲ್ಲಿ ದಾರದ ಉಂಡೆ, ಇನ್ನೊಂದು ಹಳೆಯ ಫೋನು. ಕೋಣೆಯಲ್ಲೆಲ್ಲ ಧೂಳಿತ್ತು, ಫೋನಿನ ಮೇಲೆ ಇರಲಿಲ್ಲ. ಅಕ್ಕ ಅವರಿಗೆ ನಮಸ್ಕಾರ ಹೇಳಿ, ನನ್ನ ಕಡೆ ತಿರುಗಿ, ನೀನು ಕೆಳಗಿನ ಕೋಣೆಗೆ ಹೋಗು, ಆ ರಿಸೀವರನ್ನು ಮೊದಲಿನ ಹಾಗೆ ಪಕ್ಕಕ್ಕೆ ತೆಗೆದಿಟ್ಟು ಐದು ನಿಮಿಷ ನಿಂತು ಬಾ ಎಂದಳು. ಏನಕ್ಕೆ ಎಂದು ಕೇಳಿದರೆ ಹೋಗು ಎಂದಳು. ಹೋದೆ, ತೆಗೆದಿಟ್ಟೆ, ನಿಂತೆ. ಈ ವಯಸ್ಸಿನಲ್ಲಿ ನನ್ನನ್ನು ಗೊಂಬೆಯ ಹಾಗೆ ಕುಣಿಸುತ್ತಾಳೆ, ಇವಳಿಗೆ ನಾನಲ್ಲದೆ ಬೇರೆ ಯಾರು ಸಿಗುತ್ತಾರೆ ಎಂದು ಗೋಡೆಗೆ ಹೇಳಿಕೊಂಡೆ. ಆಮೇಲೆ ಅವಳು ಇಳಿದು ಬರಲು ಅರ್ಧ ಗಂಟೆಯಾಯಿತು. ಆ ಅರ್ಧ ಗಂಟೆ ಮೇಲಿನಿಂದ ಅವಳ ಮಾತೂ ಕೇಳಲಿಲ್ಲ, ಮಾವನ ಮಾತೂ ಕೇಳಲಿಲ್ಲ.

"ಗೊಂಬೆ ಕುಣಿದಿದ್ದು ಸಾಕು, ನಡಿ ಮನೆಗೆ," ಎಂದಳು.

ನಾನು ಅದನ್ನು ಕೋಣೆಯಲ್ಲಿ ಒಬ್ಬನೇ ಇದ್ದಾಗ ಹೇಳಿದ್ದು, ಬಾಗಿಲು ಬೇರೆ ಹಾಕಿತ್ತು. ದಾರಿಯುದ್ದಕ್ಕೂ ಕೇಳಿದೆ, ಅಕ್ಕ ಬಾಯಿ ಬಿಡಲಿಲ್ಲ.

ಶನಿವಾರ ನಾಲ್ಕು ಗಂಟೆಗೆ ಎಲ್ಲರೂ ಅತ್ತೆಯ ಕೋಣೆಯಲ್ಲಿ ಸೇರಿದರು. ಕುರ್ಚಿಗಳನ್ನು ಹಾಲಿನಿಂದ ತರಬೇಕಾಯಿತು. ಸೊಸೆ, ಅವಳ ಗಂಡ, ಬಾಗಿಲಿಗೆ ಒರಗಿ ಮೈದುನ, ಕಿಟಕಿಯ ಹತ್ತಿರ ಮಾವ. ದೊಡ್ಡ ಮಗ ಒಂದೇ ಸಲಕ್ಕೆ ಮುಗಿಸಿಬಿಡಿ ಎಂದ. ತಮ್ಮನ ಮುಖ ನೋಡಲಿಲ್ಲ. ಅಕ್ಕ ಮಾವನ ಕಡೆ ತಿರುಗಿ ಹೇಳಲಾ ಎಂದು ಕೇಳಿದಳು. ಅವರು ತಲೆಯಾಡಿಸಿದರು.

ಅಕ್ಕ ಚೀಲದಿಂದ ನೆಟ್‌ವರ್ಕ್ ಕೇಬಲ್ಲಿನ ಒಂದು ತುಂಡು ತೆಗೆದು, ತುದಿ ಸುಲಿದು ಸೊಸೆಯ ಕೈಗೆ ಕೊಟ್ಟಳು. ಒಳಗೆ ಎಂಟು ಸಣ್ಣ ತಂತಿ, ಎರಡೆರಡು ಹೆಣೆದು ನಾಲ್ಕು ಜೋಡಿ. ಎಂಟೂ ಕೂಡಿದ್ದರೆ ಗಿಗಾಬಿಟ್ ವೇಗ. ಒಂದೇ ಒಂದು ಜೋಡಿ ತಪ್ಪಿದರೂ ಯಂತ್ರಗಳು ಹಟ ಮಾಡುವುದಿಲ್ಲ, ಹಳೆಯ ಪದ್ಧತಿಗೆ ಇಳಿದು ನಾಲ್ಕೇ ತಂತಿಯಲ್ಲಿ ಕೆಲಸ ಸಾಗಿಸುತ್ತವೆ, ಆದರೆ ವೇಗ ಹತ್ತರಲ್ಲಿ ಒಂದು ಪಾಲು.

"ಎಂಟು ನಿಮಿಷದ್ದು ಎಂಬತ್ತು ನಿಮಿಷ ಅಂದಾಗ್ಲೇ ನಂಗೆ ಅನುಮಾನ ಬಂತು," ಎಂದಳು. "ಸರಿಯಾಗಿ ಹತ್ತು ಪಟ್ಟು. ಅದೂ ಏರಿಳಿತ ಇಲ್ದೆ. ಕಿತ್ತಳೆ ದೀಪ ನೋಡಿದ ಮೇಲೆ ಖಾತ್ರಿ ಆಯ್ತು. ರೂಟರಿನದೇನೂ ತಪ್ಪಿಲ್ಲ. ಈ ಗೋಡೆ ಒಳಗಿನ ಕೇಬಲ್ಲಲ್ಲಿ ಯಾರೋ ಒಂದು ಜೋಡಿ ತೆಗೆದಿದ್ರು. ಬುಟ್ಟೀಲಿ ನೀಲಿ ಚೂರಿತ್ತು. ನೀಲಿ ಜೋಡಿ."

ಹಾಗಾದರೆ ರೂಟರಿನಲ್ಲಿ ಮಾಡಿದೆ ಎಂದು ಮೈದುನ ಹೇಳಿದ್ದು ಸುಳ್ಳು. ಮಾಡಿದವನೇ ಆಗಿದ್ದರೆ ಎಲ್ಲಿ ಮಾಡಿದ್ದೆಂದು ಸುಳ್ಳು ಹೇಳುವ ಅಗತ್ಯವಿರಲಿಲ್ಲ. ಅಲ್ಲದೆ ಅವನು ಈ ಕಾಲದ ಕಂಪ್ಯೂಟರಿನವನು, ಎಂಟೂ ತಂತಿ ಬೇಕೆಂದು ಅವನಿಗೆ ಗೊತ್ತು. ಜೋಡಿ ತೆಗೆದವರಿಗೆ ಅದು ಗೊತ್ತಿರಲಿಲ್ಲ. ಮಿಕ್ಕಿರುವುದನ್ನು ತೆಗೆದರೆ ಯಾರಿಗೂ ನಷ್ಟವಿಲ್ಲ ಎಂದುಕೊಂಡು ತೆಗೆದಿದ್ದರು. ಕೆಡಿಸುವ ಮನಸ್ಸಿದ್ದವರು ಕತ್ತರಿಸಿ ಬಿಡುತ್ತಾರೆ, ಅಷ್ಟು ಚೆಂದಕ್ಕೆ ದಾರ ಕಟ್ಟುವುದಿಲ್ಲ. ಬೆರಳಗಲಕ್ಕೊಂದು ಗಂಟು ಹಾಕಿ ಮೇಣದ ದಾರದಲ್ಲಿ ಕೇಬಲ್ಲು ಕಟ್ಟುವುದು ಅಕ್ಕನ ಇಲಾಖೆಯ ಹಳೆಯ ಲೈನ್‌ಮನ್‌ಗಳ ಕೈಗೆ ಹತ್ತಿದ ಅಭ್ಯಾಸ. ಆ ಮನೆಯಲ್ಲಿ ಅಂಥ ಕೈ ಒಂದೇ ಇತ್ತು.

ದೊಡ್ಡ ಮಗ ತಂದೆಯನ್ನು ನೋಡಿದ. ಸೊಸೆ ಕೈಯಲ್ಲಿದ್ದ ತುಂಡನ್ನು ನೋಡುತ್ತಲೇ ಇದ್ದಳು.

"ಬಣ್ಣದವ್ರು ಕಿತ್ತುಹಾಕಿದ ಹಳೇ ವೈರು ಇತ್ತಲ್ಲ," ಎಂದಳು ಅಕ್ಕ, ಈಗ ದನಿ ತಗ್ಗಿಸಿ, "ಅದು ಈ ಫೋನಿಗೂ ಮೇಲಿನ ಫೋನಿಗೂ ಇದ್ದ ಒಂದೇ ದಾರಿ. ಅದು ಹೋಯ್ತು. ನಿಮ್ಮಾವ ಈ ಕೇಬಲ್ಲಿಂದ ಒಂದು ಜೋಡಿ ತಗೊಂಡು ಫೋನಿಗೆ ಮತ್ತೆ ಹಾಕ್ಕೊಂಡ್ರು. ಇದಕ್ಕೆ ಕರೆಂಟು ಬ್ಯಾಟರೀದು. ಈ ರಿಸೀವರ್ ಎತ್ತಿಟ್ಟಿದ್ರೆ ಈ ಕೋಣೆ ಸದ್ದೆಲ್ಲ ಮೇಲೆ ಕೇಳುತ್ತೆ. ನನ್ನ ತಮ್ಮ ನನ್ನ ಬೈಕೊಂಡಿದ್ದೂ ಕೇಳಿಸ್ತು."

ಅಷ್ಟು ಜನರ ಮುಂದೆ ಅದನ್ನು ಹೇಳಬೇಕಿತ್ತೇ? ಆದರೆ ಯಾರೂ ನನ್ನ ಕಡೆ ನೋಡಲಿಲ್ಲ.

ದಿನಾ ರಿಸೀವರು ಎತ್ತಿಡುತ್ತಿದ್ದವನು, ಬ್ಯಾಟರಿ ತಂದುಕೊಡುತ್ತಿದ್ದವನು ಮೈದುನ. ಅಂದರೆ ಅವನಿಗೆ ಎಲ್ಲ ಗೊತ್ತಿತ್ತು. ಆ ಜೋಡಿಯನ್ನು ಬಿಚ್ಚಲೂ ಒಲ್ಲ, ಬಿಚ್ಚಿಸಲೂ ಒಲ್ಲ, ಬದಲಿಗೆ ಹೊಸ ಕೇಬಲ್ಲು ಎಳೆಯುತ್ತೇನೆ ಎಂದ. ಅದೂ ಆಗದಿದ್ದಾಗ ಅಪವಾದ ಹೊತ್ತುಕೊಂಡು ಮನೆ ಬಿಡಲು ನಿಂತ. ಅಕ್ಕನಿಗೆ ತಿಳಿಯದೆ ಉಳಿದದ್ದು ಒಂದೇ, ಮಾತೇ ಬಿಟ್ಟ ಮನುಷ್ಯನಿಗೆ ಫೋನು ಯಾಕೆ ಬೇಕು. ಅದನ್ನು ನೀನೇ ಹೇಳು ಎಂದು ಅವಳು ಮೈದುನನಿಗೆ ಹೇಳಿದಳು.

ಅವನು ಬಾಗಿಲು ಬಿಟ್ಟು ಕದಲಲಿಲ್ಲ. ಬೆಳಿಗ್ಗೆ ಏಳಕ್ಕೆ, ಅಮ್ಮ ಮಾತ್ರೆ ನುಂಗುತ್ತಿದ್ದ ಹೊತ್ತಿಗೆ, ಈ ಕೋಣೆಯಿಂದ ಅಪ್ಪನ ದನಿ ಬರುತ್ತಿತ್ತು ಎಂದ. ಮೊದಲ ದಿನ ಹಾಲಿನಲ್ಲಿ ಮಲಗಿದ್ದವನು ಹೆದರಿ ಎದ್ದು ಬಂದು ನೋಡಿದ್ದ. ಕೋಣೆ ಖಾಲಿ, ಅಪ್ಪನೇ ಎತ್ತಿಟ್ಟು ಹೋಗಿದ್ದ ರಿಸೀವರಿನೊಳಗಿಂದ ಅಪ್ಪ ಮಾತಾಡುತ್ತಿದ್ದರು. ನಲ್ಲಿ ಸೋರುತ್ತಿರುವುದು, ಮಂಡಿ ನೋವು, ದೊಡ್ಡವನ ಕೆಮ್ಮು ಇನ್ನೂ ಬಿಟ್ಟಿಲ್ಲ, ಸೊಸೆ ಊಟ ಸರಿಯಾಗಿ ಮಾಡುತ್ತಿಲ್ಲ, ಹೀಗೆ ಹತ್ತು ನಿಮಿಷ. ಆಮೇಲೆ ದಿನವಿಡೀ ಮೌನ.

"ಆ ಜೋಡಿ ಬಿಚ್ಚಿದ್ರೆ ಅದೂ ನಿಂತೋಗುತ್ತೆ ಅಂತ ಅನ್ಸ್ತು," ಎಂದ. "ನಿಮ್ಗೆ ಹೇಳಿದ್ರೆ ಅಪ್ಪಂಗೆ ನಾಚಿಕೆ ಆಗ್ತಿತ್ತು. ಸುಮ್ನಾದೆ."

ಆಗ ಮಾತಾಡಿದ್ದು ಮಾವ. ಐದು ವಾರದಿಂದ ಮನುಷ್ಯರ ಜೊತೆ ಬಳಸದ ದನಿ ಒರಟಾಗಿ ಬಂತು.

"ನಾಲ್ಕು ಸಾಕಿತ್ತಲ್ಲಮ್ಮ," ಎಂದರು ಸೊಸೆಗೆ. "ನಮ್ ಕಾಲ್ದಲ್ಲಿ ಕಂಪ್ಯೂಟರಿಗೆ ನಾಲ್ಕೇ ತಂತಿ. ಮಿಕ್ಕ ನಾಲ್ಕು ಸುಮ್ನೆ ಬಿದ್ದಿರ್ತಿದ್ವು, ಬೇಕಾದಾಗ ಫೋನಿಗೆ ತಗೊಳ್ತಿದ್ವಿ. ನಿನ್ ಕೆಲಸ ನಿಲ್ಲುತ್ತೆ ಅಂತ ನಂಗೆ ಹೊಳೀಲೇ ಇಲ್ಲ."

ಅವರು ಎದ್ದು ಮೇಲೆ ಹೋಗಿ ಇಕ್ಕಳ ತಂದರು. ಕಪಾಟಿನ ಹಿಂದೆ ಕೂತು ದಾರ ಬಿಚ್ಚಿ, ಫೋನಿನಿಂದ ನೀಲಿ ಜೋಡಿ ಕಳಚಿ, ಅದರ ಜಾಗದಲ್ಲಿ ಸೇರಿಸಿದರು. ಮೇಲೆಯೂ ಹಾಗೇ ಮಾಡಿದರು. ಇಪ್ಪತ್ತು ನಿಮಿಷವಾಯಿತು. ಕಿತ್ತಳೆ ದೀಪ ಆರಿ ಹಸಿರು ಹತ್ತಿತು. ಯಾರಿಗೂ ಸಂತೋಷವಾದ ಹಾಗೆ ಕಾಣಲಿಲ್ಲ. ಸೊಸೆ ಮಹಡಿಗೆ ಹೋಗಿ ಪಾಠ ಇಳಿಸಿ ನೋಡಲೂ ಇಲ್ಲ. ಗಂಡನ ಕಡೆ ತಿರುಗಿ, ನಾಳೆಯೇ ಗೋಡೆ ಕೊರೆದು ಫೋನಿಗೆ ಬೇರೆ ವೈರು ಹಾಕಿಸಬೇಕು, ಬಣ್ಣ ಹಾಳಾದರೆ ಹಾಳಾಗಲಿ, ತನಗೆ ಈ ಕೋಣೆಯೂ ಬೇಡ ಎಂದಳು. ಅವನು ಹೂಂ ಎಂದ. ಆಮೇಲೆ ಎದ್ದು ಹೋಗಿ ತಮ್ಮನ ಬ್ಯಾಗನ್ನು ಎತ್ತಿ ತಂದು ಸ್ಟೂಲಿನ ಪಕ್ಕದಲ್ಲಿಟ್ಟ. ಕ್ಷಮಿಸು ಎನ್ನುವುದು ಅವನ ಬಾಯಿಗೆ ಬರಲಿಲ್ಲ. ಅಣ್ಣಂದಿರೆಲ್ಲ ಹಾಗೇ, ನಮ್ಮಕ್ಕನೂ ಹಾಗೇ.

"ಇಪ್ಪತ್ತು ದಿನ ನನ್ನ ಕೈಲಿ ಬೈಸ್ಕೊಂಡ್ಯಲ್ಲ," ಎಂದಳು ಸೊಸೆ ಮೈದುನನಿಗೆ. "ನಿಂಗೇನೂ ಅನ್ನಿಸ್ಲಿಲ್ವಾ?"

"ಇಲ್ಲ ಅತ್ತಿಗೆ. ನಂಗೆ ಏನೂ ಅನ್ನಿಸ್ತಿಲ್ಲ," ಎಂದ ಅವನು. "ಅಮ್ಮ ಹೋದಾಗಿಂದ ಹಂಗೇ ಇದೆ. ಹೋಗು ಅಂದ್ರೂ ಏನೂ ಅನ್ನಿಸ್ಲಿಲ್ಲ. ಈಗ ಇರು ಅಂದ್ರೂ ಅಷ್ಟೇ."

ಸುಳ್ಳು ಹೇಳುವಾಗಲೂ ಅದೇ ದನಿಯಿತ್ತು, ನಿಜ ಹೇಳುವಾಗಲೂ ಅದೇ. ಮಾವ ಇಕ್ಕಳವನ್ನು ಜೇಬಿಗೆ ಹಾಕಿ ಬಾಗಿಲ ಹತ್ತಿರ ಬಂದರು. ಚಿಕ್ಕ ಮಗನ ತೋಳನ್ನು ಹಿಡಿದುಕೊಂಡರು.

"ನಿಂಗೂ ಅಮ್ಮ ಹೋಗಿದಾಳಲ್ಲೋ ಮಗಾ," ಎಂದರು.

ಐದು ವಾರದಲ್ಲಿ ಆ ಮನೆಯವರು ಅವನಿಂದ ಔಷಧಿ ವಾಪಸು ಕೊಡಿಸಿದ್ದರು, ಮಂಚ ಸಾಗಿಸಿದ್ದರು, ಕಚೇರಿಯಿಂದ ಮರಣಪತ್ರ ತರಿಸಿದ್ದರು. ಈ ಮಾತನ್ನು ಯಾರೂ ಹೇಳಿರಲಿಲ್ಲ. ಅವನು ಹೌದಪ್ಪ ಎಂದ. ಇನ್ನೊಂದು ಸಲ ಹೌದಪ್ಪ ಎನ್ನಲು ಹೋದ, ಆಗಲಿಲ್ಲ, ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ದೊಡ್ಡ ದನಿಯಲ್ಲಿ ಅತ್ತ. ಮಾವ ಪಕ್ಕದಲ್ಲಿ ಕೂತರು. ಹೊರಗೆ ಹೋಗಲು ಇದ್ದದ್ದು ಅದೊಂದೇ ಬಾಗಿಲು, ಹಾಗಾಗಿ ಅಕ್ಕ, ನಾನು ಇಬ್ಬರೂ ನಮ್ಮ ಕುರ್ಚಿಗಳಲ್ಲೇ ಕೂತಿದ್ದೆವು.